ಕೀಲಿ ಹಾಕಿದ ಕಾಗದ

ನಮ್ಮ ಕಡೆ ಬೀಗವನ್ನು ಕೀಲಿ ಎನ್ನುತ್ತಾರೆ. ಅದನ್ನು ತೆರೆಯುವುದು ಕೀಲಿಕೈ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಐದು ಊರುಗಳ ನೀರು ಕುಡಿದೇ ನನ್ನ ಎಪ್ಪತ್ತು ವರ್ಷಗಳು ಕಳೆದಿವೆ. ಬಾಲ್ಯ ವಾಡಿಯಲ್ಲಿ, ಮಾಸ್ತರಿಕೆ ಚಿಂಚೋಳಿ, ಸೇಡಂ, ಚಿತ್ತಾಪುರಗಳಲ್ಲಿ, ವಿಶ್ರಾಂತಿ ಶಹಾಬಾದಿನಲ್ಲಿ. ಇಷ್ಟು ಕಾಲದಲ್ಲಿ ಮನೆಗೆ ಕೀಲಿ ಹಾಕದೆ ಸಂತೆಗೆ ಹೋದ ಗೃಹಸ್ಥನನ್ನು ನಾನು ಕಂಡಿಲ್ಲ. ಎರಡು ಚೀಲ ಜೋಳ, ಒಂದು ಹಿತ್ತಾಳೆಯ ಕೊಡ ಇರುವ ಕೋಣೆಗೂ ಅಂಗೈಯಗಲದ ಕೀಲಿ ಜೋತಾಡುತ್ತಿರುತ್ತದೆ. ಆದರೆ ಮನಸ್ಸಿನೊಳಗಿನ ಮಾತನ್ನು ಬರೆದ ಕಾಗದಕ್ಕೆ ಕೀಲಿ ಹಾಕಿರೆಂದರೆ ಅದೇ ಜನ ನಗುತ್ತಾರೆ. "ಅದಕ್ಯಾಕ್ರಿ ಕೀಲಿ? ನಾವೇನ್ ಕಳವು ಮಾಡೀವೇನು?" ಎಂದು ಕೇಳುತ್ತಾರೆ. ಜೋಳಕ್ಕೆ ಕೀಲಿ ಹಾಕುವಾಗ ಯಾರಿಗೂ ಹೊಳೆಯದ ಈ ಪ್ರಶ್ನೆ ಕಾಗದದ ವಿಷಯದಲ್ಲಿ ಮಾತ್ರ ಏಕೆ ಹೊಳೆಯುತ್ತದೆ ಎಂಬುದನ್ನು ನಾನು ಬಹುದಿನ ಯೋಚಿಸಿದ್ದೇನೆ. ಯೋಚಿಸುವುದಕ್ಕೆ ಕಾರಣವೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ನಾನು ಹೇಳುತ್ತಿರುವುದು ಮಿಂಚಂಚೆಯ ಮಾತು. ಇಂದು ಅರ್ಜಿಯಿಂದ ಆಮಂತ್ರಣದವರೆಗೆ ಎಲ್ಲವೂ ಅದರಲ್ಲೇ ಓಡಾಡುತ್ತದೆ. ಆದರೆ ಅದು ಪಾಕೀಟಿಗಿಂತ ಕಾರ್ಡಿಗೆ ಹೆಚ್ಚು ಹತ್ತಿರದ ವಸ್ತುವೆಂಬುದನ್ನು ಬಲ್ಲವರು ಕಡಮೆ. ಚಿಕ್ಕಂದಿನಲ್ಲಿ ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರಮ್ಮಿನ ಮೇಲೆ ಟಪಾಲಿನ ಚೀಲಗಳನ್ನು ಕಂಡವನು ನಾನು. ಮುಂಬಯಿಯಿಂದ ರಾಯಚೂರಿನ ಕಡೆಗೆ ಹೋಗುವ ಹಾದಿಯಿಂದ ಸಿಕಂದರಾಬಾದಿನ ಹಾದಿ ಕವಲೊಡೆಯುವುದು ಅಲ್ಲಿಯೇ. ಆ ಕವಲು ಹುಟ್ಟಿದ್ದು 1874ರಲ್ಲಿ. ಚೀಲದ ಬಾಯಿಗೆ ಹುರಿ ಬಿಗಿದು ಅರಗಿನ ಮುದ್ರೆ ಒತ್ತಿರುತ್ತಿದ್ದರು. ದಾರಿಯಲ್ಲಿ ಅದನ್ನು ಯಾರೂ ಬಿಚ್ಚುವಂತಿರಲಿಲ್ಲ. ಆದರೆ ಚೀಲದೊಳಗೆ ಕಾರ್ಡುಗಳು ಬತ್ತಲೆಯಾಗಿಯೇ ಇರುತ್ತಿದ್ದವು; ಅಂಚೆಯ ಕಚೇರಿಯಲ್ಲಿ ಚೀಲ ಬಿಚ್ಚಿದೊಡನೆ ಕಣ್ಣಿದ್ದವರು ಓದಬಹುದಾಗಿತ್ತು. ಇಂದಿನ ಮಿಂಚಂಚೆಯ ಸ್ಥಿತಿಯೂ ಬಹುಮಟ್ಟಿಗೆ ಇದೇ. ದಾರಿಯಲ್ಲಿ ಅದಕ್ಕೆ ಸಾಮಾನ್ಯವಾಗಿ ರಕ್ಷಣೆಯುಂಟು. ಎರಡು ತುದಿಯ ಕಂಪನಿಗಳ ಉಗ್ರಾಣದಲ್ಲಿ ಅದು ತೆರೆದೇ ಇರುತ್ತದೆ.

ಇದಕ್ಕೆ ಪರಿಹಾರವನ್ನು ಬಲ್ಲವರು ಎಂದೋ ಕಂಡುಕೊಂಡಿದ್ದಾರೆ. 1976ರಲ್ಲಿ ಡಿಫಿ ಮತ್ತು ಹೆಲ್ಮನ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು ಅದರ ತತ್ತ್ವವನ್ನು ಪ್ರಕಟಿಸಿದರು. ಮರುವರ್ಷ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಅದನ್ನು ಗಣಿತದಲ್ಲಿ ಸಾಧಿಸಿ ತೋರಿಸಿದರು. ತತ್ತ್ವ ಸರಳವಾದುದು. ನಾನು ಒಂದೇ ಬಗೆಯ ನೂರು ಕೀಲಿಗಳನ್ನು ಮಾಡಿಸಿ, ಬಾಯಿ ತೆರೆದಂತೆಯೇ ಊರಿಗೆಲ್ಲ ಹಂಚುತ್ತೇನೆ. ಅವುಗಳ ಕೀಲಿಕೈ ಒಂದೇ. ಅದು ನನ್ನ ಉಡಿದಾರದಲ್ಲಿ. ನನಗೆ ಕಾಗದ ಬರೆಯುವವನು ಅದನ್ನು ಪೆಟ್ಟಿಗೆಯಲ್ಲಿಟ್ಟು ನನ್ನ ಕೀಲಿಯನ್ನೇ ಒತ್ತಿ ಕಳಿಸುತ್ತಾನೆ. ಒತ್ತಿದ ಮೇಲೆ ಅವನೂ ಅದನ್ನು ತೆರೆಯಲಾರ, ಟಪಾಲಿನವನೂ ತೆರೆಯಲಾರ, ನಾನೊಬ್ಬನೇ ತೆರೆಯಬಲ್ಲೆ. 1991ರಲ್ಲಿ ಫಿಲ್ ಜಿಮ್ಮರ್‌ಮನ್ ಎಂಬಾತ ಈ ವಿದ್ಯೆಯನ್ನು ಸಾಮಾನ್ಯರ ಗಣಕಯಂತ್ರಕ್ಕೆ ಇಳಿಸಿ, ಬೇಕಾದವರು ಬಳಸಿಕೊಳ್ಳಿರೆಂದು ಉಚಿತವಾಗಿ ಬಿಟ್ಟುಕೊಟ್ಟ. ಅಮೆರಿಕದ ಸರಕಾರ, ಯುದ್ಧಸಾಮಗ್ರಿಯನ್ನು ಅಪ್ಪಣೆಯಿಲ್ಲದೆ ಹೊರದೇಶಕ್ಕೆ ಕಳಿಸಿದಂತಾಯಿತೆಂದು ಅವನ ಮೇಲೆ ವಿಚಾರಣೆ ಹೂಡಿ, 1996ರಲ್ಲಿ ಕೈಬಿಟ್ಟಿತು. ಅಂತೂ ವಿದ್ಯೆ ಲೋಕಕ್ಕೆ ದಕ್ಕಿತು. ದಕ್ಕಿ ಮೂವತ್ತು ವರ್ಷಗಳ ಮೇಲಾಯಿತು. ಆದರೂ ಅದನ್ನು ಬಳಸುವವರು ಸಾವಿರಕ್ಕೊಬ್ಬರು ಸಿಗುವುದೂ ಕಷ್ಟ. ಇದೇ ನನ್ನನ್ನು ಕಾಡುವ ಪ್ರಶ್ನೆ.

ಮೊದಲನೆಯ ಉತ್ತರ ನಮ್ಮ ಕಟ್ಟೆಗಳ ಮೇಲೆಯೇ ಇದೆ. ನಮ್ಮ ಹಿರಿಯರಿಗೆ ಕಾಗದವೆಂದರೆ ಗುಟ್ಟಿನ ವಸ್ತುವಾಗಿರಲೇ ಇಲ್ಲ. 1948ರವರೆಗೆ ನಮ್ಮ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು. ಹೊಲದ ತಗಾದೆಯಿರಲಿ, ಸಾಲದ ಮಾತಿರಲಿ, ಅರ್ಜಿ ಕೊಡಬೇಕಾದರೆ ಮುನಶಿಯ ಮುಂದೆ ಕೂತು ಮನೆಯ ಒಳಗುಟ್ಟನ್ನೆಲ್ಲ ಬಿಚ್ಚಿಡಬೇಕಾಗಿತ್ತು. ಆಮೇಲೆ ನಾನು ಚಿಂಚೋಳಿಯ ಕಡೆ ಮಾಸ್ತರನಾಗಿದ್ದಾಗ ಸುತ್ತಣ ತಾಂಡಾಗಳ ತಾಯಂದಿರು ಮುಂಬಯಿ, ಪುಣೆಗಳಿಗೆ ದುಡಿಯಲು ಹೋದ ಮಕ್ಕಳಿಗೆ ಕಾಗದ ಬರೆಸಲು ಬರುತ್ತಿದ್ದರು. ಅವರ ಲಂಬಾಣಿ ಮಾತಿಗೆ ತನ್ನದೆಂಬ ಲಿಪಿಯಿಲ್ಲ. ತಾಯಿ ತನ್ನ ಮಾತಿನಲ್ಲಿ ಹೇಳುವಳು, ಜೊತೆಗೆ ಬಂದ ಹುಡುಗ ಅದನ್ನು ಕನ್ನಡಕ್ಕೆ ತಿರುಗಿಸುವನು, ನಾನು ಬರೆಯುವೆ. ಅತ್ತ ಮುಂಬಯಿಯಲ್ಲಿ ಕನ್ನಡ ಬಲ್ಲ ಯಾರೋ ಅದನ್ನು ಓದಿ ಮತ್ತೆ ಅವರ ಮಾತಿಗೆ ತಿರುಗಿಸಿ ಮಗನಿಗೆ ಹೇಳುವರು. ತಾಯಿ ಮಗನ ನಡುವೆ ಮೂವರು ಪರಕೀಯರು. ಇದರಿಂದ ಅವರು ಸಂಕೋಚಪಟ್ಟುದನ್ನು ನಾನು ಕಾಣಲಿಲ್ಲ. ಸಂಕೋಚಪಟ್ಟು ಮಾಡುವುದಾದರೂ ಏನು? ಸಂಕೋಚವೂ ಓದುಬರಹ ಬಲ್ಲವರ ಸೊತ್ತು.

ನಮ್ಮ ದೇಶದಲ್ಲಿ ಅಂಚೆಕಾರ್ಡು ಬಂದದ್ದು 1879ರ ಜುಲೈ 1ರಂದು. ಬೆಲೆ ಕಾಲು ಆಣೆ. ಮುಚ್ಚಿದ ಪಾಕೀಟಿಗೆ ಹೆಚ್ಚು ಕಾಸು, ತೆರೆದ ಕಾರ್ಡಿಗೆ ಕಡಮೆ ಕಾಸು. ಗುಟ್ಟು ಎಂಬುದು ಅಂದಿನಿಂದಲೇ ಉಳ್ಳವರ ವಸ್ತುವಾಯಿತು. ಬಡವರು ಕಾರ್ಡಿಗೆ ತಕ್ಕ ಭಾಷೆಯನ್ನು ತಾವೇ ಕಟ್ಟಿಕೊಂಡರು. "ಇಲ್ಲಿ ಎಲ್ಲರೂ ಕ್ಷೇಮ, ಅಲ್ಲಿಯ ಕ್ಷೇಮಕ್ಕೆ ಬರೆಯುವುದು" ಎಂಬ ಒಕ್ಕಣೆಯ ಆಚೆಗೆ ಅವರು ಕಾಲಿಡುತ್ತಿರಲಿಲ್ಲ. ಹತ್ತು ಕಿವಿಗೆ ಬೀಳುವುದೆಂದು ಗೊತ್ತಿದ್ದವನು ಹೃದಯವನ್ನು ಕಾರ್ಡಿನ ಮೇಲೆ ಬರೆಯುವನೆ?

ಒಮ್ಮೆ ಒಬ್ಬರು ಬರೆದರು. ಅದನ್ನು ಓದಿದವನು ನಾನೇ. ಆಗ ನನಗೆ ಹತ್ತು ವರ್ಷ, 1963ರ ಸುಮಾರು. ವಾಡಿಯಲ್ಲಿ ನಮ್ಮ ಓಣಿಯ ಒಬ್ಬ ಹೆಣ್ಣುಮಗಳ ಗಂಡ ಮುಂಬಯಿಯ ಬಟ್ಟೆಯ ಗಿರಣಿಯಲ್ಲಿದ್ದ. ತಿಂಗಳಿಗೊಂದು ಕಾರ್ಡು ಬರುತ್ತಿತ್ತು. ಪರ್ಸಿ ಹಾಸಿದ ಕಟ್ಟೆಯ ಮೇಲೆ ನಾನು ಕೂತು ಓದುತ್ತಿದ್ದೆ. ಅತ್ತೆ, ನಾದಿನಿಯರು, ನೆರೆಹೊರೆಯವರು ಸುತ್ತ ಕೂತು ಕೇಳುತ್ತಿದ್ದರು. ಅವಳು ಬಾಗಿಲ ಮರೆಯಲ್ಲಿ ನಿಲ್ಲುತ್ತಿದ್ದಳು. ನನಗೆ ಅದೊಂದು ದೊಡ್ಡಸ್ತಿಕೆ. ಒಂದು ಸಲ ಕಾರ್ಡಿನ ಬದಲು ನಾಲ್ಕೂ ಕಡೆ ಅಂಟಿಸಿದ ಇನ್‌ಲ್ಯಾಂಡ್ ಕಾಗದ ಬಂತು. ಅವಳು ಅದನ್ನು ಸೆರಗಿನಲ್ಲಿಟ್ಟುಕೊಂಡು ನನ್ನನ್ನು ಹಿತ್ತಲಿಗೆ ಕರೆದಳು. "ತಮ್ಮಾ, ಮೆಲ್ಲಗ ಓದಪ್ಪ, ಯಾರಿಗೂ ಹೇಳಬ್ಯಾಡ" ಎಂದಳು. ಗಂಡನಿಗೆ ಎದೆಯ ಬೇನೆ ಹತ್ತಿತ್ತು, ದವಾಖಾನೆಯಲ್ಲಿ ಮಲಗಿಸಿದ್ದರು, ತಾಯಿಗೆ ತಿಳಿಸಬೇಡ, ಜೀವ ಬಿಡುತ್ತಾಳೆ ಎಂದು ಬರೆದಿದ್ದ. ಅವಳು ಅಳಲಿಲ್ಲ. ಕಾಗದವನ್ನು ಮಡಿಚಿ ಒಲೆಗೆ ಹಾಕಿದಳು.

ಸಂಜೆಯಾಗುವುದರೊಳಗೆ ನಾನು ನನ್ನ ತಾಯಿಗೆ ಹೇಳಿದ್ದೆ. ತಾಯಿ ಇನ್ನೊಬ್ಬರಿಗೆ ಹೇಳಿರಬೇಕು. ದೀಪ ಹಚ್ಚುವ ಹೊತ್ತಿಗೆ ಅತ್ತೆಯ ರೋದನ ಓಣಿಯ ತುದಿಗೆ ಕೇಳಿಸುತ್ತಿತ್ತು. ಮಗನ ರೋಗವನ್ನು ಮುಚ್ಚಿಟ್ಟ ಪಾಪಿ ಎಂದು ಸೊಸೆಯನ್ನು ಆಕೆ ಆಡಿಕೊಂಡದ್ದು ವರ್ಷಗಳವರೆಗೆ ನಿಲ್ಲಲಿಲ್ಲ. ಗಂಡ ಗುಣವಾಗಿ ಬಂದ ಮೇಲೂ ನಿಲ್ಲಲಿಲ್ಲ. ಆ ಹೆಣ್ಣುಮಗಳು ನನ್ನನ್ನು ಒಂದು ಮಾತೂ ಆಡಲಿಲ್ಲ. ಆದರೆ ಮತ್ತೆ ಎಂದೂ ಕಾಗದ ಓದಲು ಕರೆಯಲಿಲ್ಲ. ಮಧ್ಯಾಹ್ನದ ಹೊತ್ತಿನಲ್ಲಿ ನಮ್ಮ ಮನೆಗೆ ಬಂದು, ನನ್ನ ಅಕ್ಕನ ಹತ್ತಿರ ಪಾಟಿಯ ಮೇಲೆ ಅಕ್ಷರ ತಿದ್ದಲು ತೊಡಗಿದಳು. ಬೆರಳುಗಳು ರೊಟ್ಟಿ ತಟ್ಟಿ ಗಟ್ಟಿಯಾಗಿದ್ದವು, ಬಳಪ ಮುರಿಯುತ್ತಿತ್ತು. ಎರಡು ವರ್ಷಕ್ಕೆ ತನ್ನ ಕಾಗದವನ್ನು ತಾನೇ ಓದುವಷ್ಟಾದಳು. ಅವಳ ಪಾಲಿಗೆ ಆ ಐವತ್ತು ಅಕ್ಷರಗಳೇ ಕೀಲಿಕೈ.

ಅವಳು ಯಾವ ಕಳವನ್ನೂ ಮಾಡಿರಲಿಲ್ಲ. ಗುಟ್ಟು ಬೇಕಾಗುವುದು ತಪ್ಪು ಮಾಡಿದವರಿಗೆ ಎಂಬ ಮಾತನ್ನು ಯಾರಾದರೂ ಆಡಿದಾಗ ನನಗೆ ಆ ಪಾಟಿ ನೆನಪಾಗುತ್ತದೆ. ಆದರೆ ಅದರ ಜೊತೆಗೆ ಇನ್ನೊಂದು ಮಾತೂ ನೆನಪಾಗುತ್ತದೆ: ಪೆಟ್ಟು ತಿಂದ ಮೇಲೆಯೇ ಅವಳು ಪಾಟಿ ಹಿಡಿದಳು. ಮೊದಲೇ ಹಿಡಿಯಲಿಲ್ಲ. ಯಾರೂ ಹಿಡಿಯುವುದಿಲ್ಲ.

ಎರಡನೆಯ ಉತ್ತರ ಸಂಶಯಕ್ಕೆ ಸಂಬಂಧಪಟ್ಟದ್ದು. ತಂತಿಯ ಕಾಲವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. "ತಾರು ಬಂತು" ಎಂದರೆ ಸಾಕು, ಲಕೋಟೆ ಒಡೆಯುವ ಮೊದಲೇ ಮನೆಯಲ್ಲಿ ಅಳು ಎದ್ದುಬಿಡುತ್ತಿತ್ತು. ಒಳಗೆ ಮಗನಿಗೆ ನೌಕರಿ ಸಿಕ್ಕ ಸುದ್ದಿಯಿದ್ದರೂ ಸರಿಯೆ. 2013ರ ಜುಲೈಯಲ್ಲಿ ತಂತಿಯ ಸೇವೆ ಮುಗಿಯಿತು. ಆ ಮನೋಧರ್ಮ ಮುಗಿದಿಲ್ಲ. ವಿಶೇಷ ರೂಪದಲ್ಲಿ ಬಂದ ಕಾಗದ ತನ್ನ ರೂಪದಿಂದಲೇ ಒಂದು ಮಾತನ್ನು ಆಡಿಬಿಡುತ್ತದೆ. 2006ರಲ್ಲಿ ಅಮೆರಿಕದ ಪ್ರಿನ್‌ಸ್ಟನ್ ವಿಶ್ವವಿದ್ಯಾಲಯದ ಶರ್ಲಿ ಗಾ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಅಧ್ಯಯನ ಇದನ್ನೇ ಹೇಳುತ್ತದೆ. ಅವರು ಮಾತನಾಡಿಸಿದ್ದು ಅಹಿಂಸಾತ್ಮಕ ಚಳವಳಿ ನಡೆಸುವ ಒಂದು ಸಂಸ್ಥೆಯ ಕಾರ್ಯಕರ್ತರನ್ನು. ಗುಟ್ಟಿನ ಅವಶ್ಯಕತೆ ನಿಜವಾಗಿಯೂ ಇದ್ದ ಜನ. ಕೀಲಿ ಹಾಕುವ ಸಾಧನವೂ ಅವರ ಕೈಯಲ್ಲಿತ್ತು. ಆದರೂ ಎಲ್ಲ ಕಾಗದಕ್ಕೂ ಕೀಲಿ ಹಾಕುವವನನ್ನು ಅವರು ಅತಿಶಂಕೆಯವನೆಂದು ಬಗೆಯುತ್ತಿದ್ದರು. ಕೀಲಿ ಬಹಳ ದೊಡ್ಡ ಗುಟ್ಟಿಗೆ ಮಾತ್ರ ಸಲ್ಲುವುದು. ಮಿಕ್ಕುದಕ್ಕೆ ಹಾಕುವುದು ತನ್ನನ್ನು ತಾನು ದೊಡ್ಡವನೆಂದುಕೊಂಡಂತೆ. ಅಂದರೆ ಅವರಿಗೆ ಕಷ್ಟವಾದದ್ದು ಗಣಕಯಂತ್ರವಲ್ಲ, ಸಹೋದ್ಯೋಗಿಯ ಕಣ್ಣು.

ನಮ್ಮ ಜನಕ್ಕೆ ಗೂಢಭಾಷೆಯೇ ಒಗ್ಗದೆಂದು ಇದರಿಂದ ತಿಳಿಯಬಾರದು. ಅರಗಿನ ಮನೆಯ ಸಂಚನ್ನು ವಿದುರ ಧರ್ಮರಾಜನಿಗೆ ತಿಳಿಸಿದ್ದು ಎಲ್ಲರೆದುರಿಗೆ, ಆದರೆ ಇತರರಿಗೆ ತಿಳಿಯದ ಮ್ಲೇಚ್ಛಭಾಷೆಯಲ್ಲಿ. ಅರವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಮ್ಲೇಚ್ಛಿತವಿಕಲ್ಪವೆಂಬ ಗೂಢಲಿಪಿಯ ಕಲೆಯೂ ಒಂದು. ಅಲ್ಲಮನ ಬೆಡಗಿನ ವಚನಗಳನ್ನು ಟೀಕೆಯೆಂಬ ಕೀಲಿಕೈಯಿಲ್ಲದೆ ತೆರೆಯುವುದು ಕಷ್ಟ. 1953ರಲ್ಲಿ ಅಚ್ಚಾದ ಸಿರಿಭೂವಲಯವಂತೂ ಅಕ್ಷರವನ್ನೇ ಬಿಟ್ಟು 1ರಿಂದ 64ರವರೆಗಿನ ಅಂಕಿಗಳಲ್ಲಿ ಬರೆದ ಗ್ರಂಥ. ಅದರ ಕರ್ತೃ ಕುಮುದೇಂದುವನ್ನು ನಮ್ಮ ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ಅಮೋಘವರ್ಷನ ಕಾಲಕ್ಕೆ ಸೇರಿಸುವವರುಂಟು. ಒಪ್ಪದ ವಿದ್ವಾಂಸರೂ ಉಂಟು. ಆ ಚರ್ಚೆ ಇಲ್ಲಿ ಬೇಡ.

ಪಂಡಿತರ ಮಾತೇಕೆ? ನಮ್ಮ ದನದ ಸಂತೆಗೆ ಹೋಗಿ ನೋಡಬೇಕು. ಎತ್ತಿನ ಬೆಲೆ ಕಟ್ಟುವ ದಲಾಲಿ ಮತ್ತು ಕೊಳ್ಳುವವನು ಎದುರುಬದುರು ನಿಲ್ಲುತ್ತಾರೆ; ಹೆಗಲ ಮೇಲಿನ ವಸ್ತ್ರವನ್ನು ಇಬ್ಬರ ಕೈಗಳ ಮೇಲೆ ಹೊದಿಸುತ್ತಾರೆ; ಅದರ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಸುತ್ತ ಇಪ್ಪತ್ತು ಜನ ನಿಂತಿರುತ್ತಾರೆ. ಚೌಕಾಸಿ ನಡೆದಿದೆಯೆಂದು ಎಲ್ಲರಿಗೂ ಗೊತ್ತು. ಎಷ್ಟಕ್ಕೆ ಎಂಬುದು ಯಾರಿಗೂ ಗೊತ್ತಿಲ್ಲ. ಇದಕ್ಕಿಂತ ಶುದ್ಧವಾದ ಗೂಢಲಿಪಿಯನ್ನು ನಾನು ಕಾಣೆ. "ಇವನೇನು ಕಳ್ಳನೇ? ವಸ್ತ್ರದ ಕೆಳಗೆ ಏಕೆ ಮಾತಾಡುತ್ತಾನೆ?" ಎಂದು ಅಲ್ಲಿ ಯಾರಾದರೂ ಕೇಳಿದ್ದುಂಟೆ? ಇಲ್ಲ. ಏಕೆಂದರೆ ಅಲ್ಲಿ ಎಲ್ಲರೂ ವಸ್ತ್ರ ಹಾಕಿಯೇ ಮಾತಾಡುತ್ತಾರೆ. ಸಂತೆಯಲ್ಲಿ ಒಬ್ಬನೇ ವಸ್ತ್ರ ಹಾಕಿದ್ದರೆ ಅವನ ಸುತ್ತ ಪಿಸುಮಾತು ಏಳುತ್ತಿತ್ತು.

ಜನ ಅಂಜುವುದು ಕೀಲಿಗಲ್ಲ. ಕೀಲಿ ಹಾಕುವವನು ತಾನೊಬ್ಬನೇ ಆಗುವುದಕ್ಕೆ. ಬಹುದಿನದ ಯೋಚನೆಯಿಂದ ನನಗೆ ದೊರೆತ ತೀರ್ಮಾನ ಇದೇ. ಹೊಲಕ್ಕೆ ಬೇಲಿಯನ್ನು ಒಬ್ಬನೇ ಹಾಕಬಹುದು. ಕಾಗದದ ಕೀಲಿಗೆ ಇಬ್ಬರು ಬೇಕು. ಬರೆಯುವವನಲ್ಲಿ ಕೀಲಿ, ಓದುವವನಲ್ಲಿ ಕೀಲಿಕೈ. ಎದುರಿನವನಲ್ಲಿ ಇಲ್ಲದಿದ್ದ ಮೇಲೆ ನನ್ನ ಶ್ರದ್ಧೆಯೆಲ್ಲ ವ್ಯರ್ಥ. ಅವನೂ ನನ್ನನ್ನು ಕುರಿತು ಹೀಗೆಯೇ ಯೋಚಿಸುತ್ತಾನೆ.

ಮೂರನೆಯ ಉತ್ತರ ಶ್ರಮದ್ದು. ಇಲ್ಲಿ ನನ್ನ ಕಥೆಯನ್ನು ಹೇಳಬೇಕು. ಚಿತ್ತಾಪುರದಲ್ಲಿ ನನ್ನ ಕೈಕೆಳಗೆ ಓದಿದ ಹುಡುಗನೊಬ್ಬ ಮುಂದೆ ಗಣಕಯಂತ್ರದ ವಿದ್ಯೆ ಕಲಿತು ದೊಡ್ಡ ಪಟ್ಟಣದಲ್ಲಿ ಕೆಲಸಕ್ಕೆ ಸೇರಿದ. 2013ರ ಜೂನ್‌ನಲ್ಲಿ ಎಡ್ವರ್ಡ್ ಸ್ನೋಡನ್ ಎಂಬ ತರುಣ, ಅಮೆರಿಕದ ಸರಕಾರ ಲೋಕದ ಜನರ ಪತ್ರವ್ಯವಹಾರವನ್ನು ರಾಶಿರಾಶಿಯಾಗಿ ಶೇಖರಿಸುತ್ತಿರುವುದನ್ನು ಬಯಲಿಗೆ ಹಾಕಿದನಷ್ಟೆ. ಆ ವರ್ಷ ರಜೆಗೆ ಬಂದ ನನ್ನ ಶಿಷ್ಯ, "ಸರ್, ನಾವಿಬ್ಬರೂ ಇನ್ನ ಕೀಲಿ ಹಾಕಿ ಬರಿಯೂಣ್ರಿ" ಎಂದ. ಎರಡು ದಿನ ಕೂತು ನನ್ನ ಯಂತ್ರದಲ್ಲಿ ಕೀಲಿ, ಕೀಲಿಕೈಗಳನ್ನು ಮಾಡಿಕೊಟ್ಟ. "ಇದರ ಒಂದು ನಕಲು ಪೆನ್‌ಡ್ರೈವಿನ್ಯಾಗ ಇಟ್ಕೋರಿ. ಇದು ಹೋತಂದ್ರ ನಾನೂ ತೆಗಿಲಿಕ್ಕಿ ಬರೂದಿಲ್ಲ, ಬ್ರಹ್ಮನೂ ತೆಗಿಲಿಕ್ಕಿ ಬರೂದಿಲ್ಲ" ಎಂದು ಎಚ್ಚರಿಸಿದ. ನಾನು ಶಿಷ್ಯನಂತೆ ತಲೆಯಾಡಿಸಿದೆ.

ಮೊದಮೊದಲು ಅದೊಂದು ವಿನೋದವಾಗಿತ್ತು. ಕ್ರಮೇಣ ಬೇಸರವಾಯಿತು. ಉದ್ದನೆಯ ಗುಪ್ತವಾಕ್ಯವೊಂದನ್ನು ಪ್ರತಿಸಲ ತಪ್ಪಿಲ್ಲದೆ ಒತ್ತಬೇಕು. ಇಷ್ಟು ಮಾಡಿದರೂ ಕಾಗದದ ತಲೆಬರಹ, ಕಳಿಸಿದವನ ವಿಳಾಸ, ಪಡೆದವನ ವಿಳಾಸ ಇವು ಹೊರಗೇ ಉಳಿಯುತ್ತವೆ. ನನ್ನ ಬುದ್ಧಿ ಮಂದವಾಯಿತೆಂದು ನಾನು ನಾಚುತ್ತಿದ್ದೆ. ಅಷ್ಟು ನಾಚಬೇಕಾಗಿರಲಿಲ್ಲವೆಂದು ಆಮೇಲೆ ತಿಳಿಯಿತು. 1999ರಲ್ಲಿ ಆಲ್ಮಾ ವಿಟನ್ ಮತ್ತು ಟೈಗರ್ ಎಂಬ ಸಂಶೋಧಕರು ಮಿಂಚಂಚೆಯಲ್ಲಿ ಪಳಗಿದ 12 ಮಂದಿಗೆ ಜಿಮ್ಮರ್‌ಮನ್ನನ ಸಾಧನದ ಒಂದು ಆವೃತ್ತಿಯನ್ನು ಕೊಟ್ಟು, 90 ನಿಮಿಷಗಳಲ್ಲಿ ಒಂದು ಕಾಗದಕ್ಕೆ ಕೀಲಿ ಹಾಕಿ ಕಳಿಸಿರೆಂದರು. ಸರಿಯಾಗಿ ಕಳಿಸಿದವರು ಮೂರರಲ್ಲೊಂದು ಪಾಲು. ಮೂವರಂತೂ ಗುಟ್ಟನ್ನು ಕೀಲಿಯಿಲ್ಲದೆಯೇ ಕಳಿಸಿಬಿಟ್ಟರು. ಸ್ನೋಡನ್ 2012ರ ಡಿಸೆಂಬರಿನಲ್ಲಿ ಗ್ಲೆನ್ ಗ್ರೀನ್‌ವಾಲ್ಡ್ ಎಂಬ ಪತ್ರಕರ್ತನಿಗೆ ಹೆಸರು ಹೇಳದೆ ಬರೆದು, ಮೊದಲು ಕೀಲಿಯ ಏರ್ಪಾಡು ಮಾಡಿಕೋ ಎಂದು ಕೇಳಿಕೊಂಡಿದ್ದ. ಕೆಲಸದ ಗಡಿಬಿಡಿಯಲ್ಲಿ ಆತ ಅದನ್ನು ಮುಂದಕ್ಕೆ ಹಾಕುತ್ತಲೇ ಹೋದ. ಶತಮಾನದ ದೊಡ್ಡ ಸುದ್ದಿಗಳಲ್ಲೊಂದು ಆ ಸೋಮಾರಿತನದಿಂದ ಕೈತಪ್ಪುವುದರಲ್ಲಿತ್ತು. ಇನ್ನು ಸ್ವತಃ ಜಿಮ್ಮರ್‌ಮನ್: 2015ರಲ್ಲಿ ತನಗೆ ಬಂದ ಕೀಲಿಯ ಕಾಗದವನ್ನು ತೆರೆಯಲು ತನ್ನ ಬಳಿಯ ಯಂತ್ರಗಳಲ್ಲಿ ಸಾಧನವಿಲ್ಲವೆಂದು ಒಪ್ಪಿಕೊಂಡ. ಬಡಗಿಯ ಮನೆಯಲ್ಲೇ ಮಣೆಯಿಲ್ಲದಂತಾಯಿತು.

2015ರ ಬೇಸಿಗೆಯಲ್ಲಿ ಗುಡುಗುಮಳೆಯ ಒಂದು ಸಂಜೆ ನನ್ನ ಯಂತ್ರ ಸುಟ್ಟಿತು. ನಕಲು ಇದೆಯಲ್ಲ ಎಂಬ ಧೈರ್ಯದಿಂದ ಅಲಮಾರಿನೊಳಗಿನ ಪೆನ್‌ಡ್ರೈವ್ ತೆಗೆದು ನೋಡಿದರೆ ಅದರಲ್ಲಿದ್ದುದು ಮೊಮ್ಮಗಳ ಜವಳದ ಚಿತ್ರಗಳು. ಹೊಸ ಯಂತ್ರ ತಂದೆ. ಹಳೆಯ ಕಾಗದಗಳೆಲ್ಲ ಅರ್ಥವಿಲ್ಲದ ಅಕ್ಷರಗಳ ಸಾಲಾಗಿ ನಿಂತಿದ್ದವು. ಕೆಲವು ವಾರಗಳ ಮೇಲೆ ಶಿಷ್ಯನಿಂದ ಇನ್ನೊಂದು ಕಾಗದ ಬಂತು. ಅದೂ ಹಾಗೆಯೇ ಇತ್ತು, ಎಂದಿಗಿಂತ ಉದ್ದವಾಗಿತ್ತು. ಕೀಲಿಕೈ ಕಳೆದುಕೊಂಡೆನೆಂದು ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಮೂವತ್ತು ವರ್ಷ ಮಕ್ಕಳಿಗೆ ಪಾಟಿ ಪುಸ್ತಕ ಕಳೆಯಬೇಡಿರೆಂದು ಬೈದವನು ನಾನು; ಅವನ ಮುಂದೆ ಆ ಮಾತು ಬರಲಿಲ್ಲ. ಹೇಗೂ ದಸರೆಗೆ ಬರುತ್ತಾನೆ, ಆಗ ನಗುತ್ತ ಹೇಳಿದರಾಯಿತು ಎಂದುಕೊಂಡೆ. ದಸರೆಗೆ ಅವನು ಬರಲಿಲ್ಲ. ಮುಂದಿನ ಯುಗಾದಿಯ ಹೊತ್ತಿಗೆ ಬಂದ. ಜೊತೆಯಲ್ಲಿ ಒಬ್ಬಳು ಹುಡುಗಿ. ಇಬ್ಬರ ಜಾತಿ ಬೇರೆ. ರಿಜಿಸ್ಟರ್ ಮದುವೆಯಾಗಿತ್ತು, ಎರಡೂ ಮನೆಯ ಬಾಗಿಲು ಮುಚ್ಚಿತ್ತು. ಚಹ ಕುಡಿದ ಮೇಲೆ ತಲೆ ತಗ್ಗಿಸಿ ಹೇಳಿದ: "ನಮ್ಮಪ್ಪಗ ನೀವೊಂದ್ ಮಾತ್ ಹೇಳ್ರಿ ಅಂತ ಬರದಿದ್ದೆ ಸರ್. ನಿಮ್ಮ ಮಾತಂದ್ರ ಅವ ತೆಗದ ಹಾಕತಿದ್ದಿಲ್ಲ. ನಿಮ್ಮ ಉತ್ತರ ಬರ್ಲಿಲ್ಲ. ನಿಮಗೂ ಒಪ್ಪಿಗಿ ಇಲ್ಲ ಅಂತ ತಿಳಕೊಂಡು ಸುಮ್ನಾದೆ."

ನಾನು ನಿಜವನ್ನು ಹೇಳಿದೆ. ಅವನು ನಕ್ಕ, ಆ ನಗುವಿನಲ್ಲಿ ಕ್ಷಮೆಯಿತ್ತು. ಆದರೆ ಅವನ ತಂದೆಯೊಡನೆ ನಾನು ಮಾತಾಡಬೇಕಾಗಿದ್ದ ಕಾಲ ಮೀರಿಹೋಗಿತ್ತು. ಆಮೇಲೆ ಹೋಗಿ ಆಡಿದೆ. ಬೆಂದ ಮಡಕೆಗೆ ಕೈಯಾಡಿಸಿದಂತಾಯಿತು.

ಕೀಲಿಕೈ ಕಳೆದುಹೋಗುವ ಭಯ ಹುಸಿಯಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನವಿರುವ ಒಂದು ಚಪ್ಪಡಿ ದೊರೆಯಿತು. ದೇವಿಯ ವಿಗ್ರಹಕ್ಕೆ ಪೀಠವಾಗಿ ಅದು ಶತಮಾನಗಳ ಕಾಲ ಅಲ್ಲಿಯೇ ಇತ್ತು. ಅದರಲ್ಲಿರುವ ಆಜ್ಞೆಗಳಲ್ಲಿ ಕೆಲವನ್ನು ತಿಷ್ಯ ನಕ್ಷತ್ರದ ದಿನಗಳಂದು ಜನರಿಗೆ ಓದಿ ಕೇಳಿಸಬೇಕೆಂದು ದೊರೆ ವಿಧಿಸಿದ್ದ. ಎಲ್ಲರೂ ಕೇಳಲೆಂದು ಕೆತ್ತಿಸಿದ ಮಾತು, ಬ್ರಾಹ್ಮೀ ಲಿಪಿಯನ್ನು ಜನ ಮರೆತೊಡನೆ ತನಗೆ ತಾನೇ ಕೀಲಿ ಬಿದ್ದುಕೊಂಡಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯ ಕೀಲಿಕೈಯನ್ನು ಹುಡುಕಿದ್ದರಿಂದ ಇಂದು ಸನ್ನತಿಯ ಕಲ್ಲನ್ನೂ ಓದಬಹುದಾಗಿದೆ. ನನ್ನ ಶಿಷ್ಯನ ಕಾಗದಕ್ಕೆ ಅಂಥ ಪ್ರಿನ್ಸೆಪ್ ಬರುವಂತಿಲ್ಲ. ಗಣಿತದ ಕೀಲಿ ಲಿಪಿಗಿಂತ ಕಠಿನ. ಕಳ್ಳನಿಗೂ ಮರೆಗುಳಿಗೂ ಅದು ಭೇದವೆಣಿಸದು.

ಇನ್ನೊಂದು ಸಂಗತಿಯನ್ನು ಹೇಳದೆ ಈ ಮಾತು ಮುಗಿಯದು. ನಮ್ಮ ತಾಲ್ಲೂಕು ಊರುಗಳ ಆನ್‌ಲೈನ್ ಸೆಂಟರುಗಳ ಮುಂದೆ ಅರ್ಜಿಯ ದಿನಗಳಲ್ಲಿ ಹುಡುಗ ಹುಡುಗಿಯರು ಸಾಲುಗಟ್ಟಿ ನಿಲ್ಲುವುದನ್ನು ಕಂಡಿದ್ದೇನೆ. ವಿದ್ಯಾರ್ಥಿವೇತನಕ್ಕೆ, ಪರೀಕ್ಷೆಗೆ, ನೌಕರಿಗೆ ಮಿಂಚಂಚೆಯ ವಿಳಾಸ ಬೇಕು. ಅಂಗಡಿಯವನೇ ಅದನ್ನು ತೆರೆದುಕೊಡುತ್ತಾನೆ. ಗುಪ್ತಪದವನ್ನೂ ಅವನೇ ಇಡುತ್ತಾನೆ. ಅದನ್ನು ಅಂಕಪಟ್ಟಿಯ ಝೆರಾಕ್ಸಿನ ಹಿಂದೆ ಗೀಚಿಕೊಡುತ್ತಾನೆ. ಅವನಲ್ಲಿ ದುರುದ್ದೇಶವಿಲ್ಲ, ಇಪ್ಪತ್ತು ರೂಪಾಯಿಗೆ ಅವನು ಮಾಡುವ ಉಪಕಾರ ದೊಡ್ಡದು. ಅವನು ನಮ್ಮ ಕಾಲದ ಮುನಶಿ. ಆದರೆ ಮನೆಯ ಕೀಲಿಕೈಯೇ ಅಂಗಡಿಯಲ್ಲಿ ತೂಗುತ್ತಿರುವಾಗ ಕಾಗದಕ್ಕೆ ಕೀಲಿ ಹಾಕಿರೆಂದು ಆ ಹುಡುಗಿಯರಿಗೆ ಯಾವ ಬಾಯಿಂದ ಹೇಳಲಿ? ಮೊದಲು ಅವರು ತಮ್ಮ ಗುಪ್ತಪದವನ್ನು ತಾವೇ ಇಡುವುದನ್ನು ಕಲಿಯಬೇಕು. ಅದೇ ಇಂದಿನ ಪಾಟಿ ಬಳಪ.

ಕಾನೂನಿನ ನೆರಳೂ ಇಲ್ಲಿ ಬೀಳುತ್ತದೆ. ಅಂಚೆಯ ಕಾಗದವನ್ನು ತಡೆದು ನೋಡುವ ಅಧಿಕಾರವನ್ನು 1898ರ ಕಾಯಿದೆ ಸರಕಾರಕ್ಕೆ ಕೊಟ್ಟಿತ್ತು. ಅದರ ಜಾಗದಲ್ಲಿ ಬಂದ 2023ರ ಕಾಯಿದೆಯಲ್ಲಿಯೂ ಅದು ಉಳಿದಿದೆ. ಆ ಅಧಿಕಾರವನ್ನು ಹಿಗ್ಗಿಸುವ ಮಸೂದೆಯೊಂದು 1986ರಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಗಿತ್ತು. ರಾಷ್ಟ್ರಪತಿ ಜೈಲ್ ಸಿಂಗ್ ಅದಕ್ಕೆ ಅಂಕಿತವನ್ನೂ ಹಾಕಲಿಲ್ಲ, ಹಿಂದಕ್ಕೂ ಕಳಿಸಲಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರು, ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಆ ಹಕ್ಕು ದೊರೆತದ್ದು ಕನ್ನಡಿಗರೊಬ್ಬರ ಹೆಸರಿನಲ್ಲಿ ಎಂಬುದು ನಮಗೆ ಅಭಿಮಾನದ ಸಂಗತಿ. ಆದರೆ ಹಕ್ಕು ಬರುವುದು ತೀರ್ಪಿನಿಂದ, ಅಭ್ಯಾಸ ಬರುವುದು ಓಣಿಯಿಂದ.

ಓಣಿ ಬದಲಾಗುವುದೂ ಉಂಟು. 2016ರ ಏಪ್ರಿಲ್‌ನಲ್ಲಿ ವಾಟ್ಸಾಪ್ ತನ್ನ ನೂರು ಕೋಟಿಗೂ ಮಿಕ್ಕ ಬಳಕೆದಾರರ ಎಲ್ಲ ಮಾತಿಗೂ ಒಂದೇ ಸಲಕ್ಕೆ ಕೀಲಿ ಹಾಕಿತು. ಯಾರನ್ನೂ ಕೇಳಲಿಲ್ಲ, ಯಾರಿಗೂ ಎರಡು ದಿನ ಪಾಠ ಹೇಳಲಿಲ್ಲ. ಇಂದು ಚಿಂಚೋಳಿಯ ತಾಂಡಾದ ತಾಯಿ ಫೋನಿನಲ್ಲಿ ತನ್ನ ಮಾತಿನಲ್ಲೇ ಮಗನಿಗೆ ಧ್ವನಿ ಕಳಿಸುತ್ತಾಳೆ. ನಡುವೆ ಓದುವ ಮಾಸ್ತರನಿಲ್ಲ, ತಿರುಗಿಸುವ ಹುಡುಗನಿಲ್ಲ. ತಾನು ಕೀಲಿ ಹಾಕಿದ್ದೇನೆಂಬುದು ಅವಳಿಗೆ ತಿಳಿಯದು. ಸಂತೆಯವರೆಲ್ಲ ಒಟ್ಟಿಗೆ ವಸ್ತ್ರ ಹೊದ್ದಂತಾಯಿತು. ಯಾರೂ ಯಾರನ್ನೂ ಶಂಕಿಸಲಿಲ್ಲ. ಅಲ್ಲಿಯೂ ಯಾರು ಯಾರೊಡನೆ ಯಾವಾಗ ಮಾತಾಡಿದರೆಂಬುದು ಕಂಪನಿಗೆ ಗೊತ್ತಾಗುತ್ತದೆ. ಕೀಲಿ ಒಬ್ಬ ಒಡೆಯನ ಅಂಗಡಿಯದು ಎಂಬುದೂ ನಿಜ. ಮಿಂಚಂಚೆಗೆ ಅಂಥ ಒಬ್ಬ ಒಡೆಯನಿಲ್ಲ. ಅದೇ ಅದರ ಸ್ವಾತಂತ್ರ್ಯ, ಅದೇ ಅದರ ಕಷ್ಟ. ಅಲ್ಲಿ ನಾವು ನಾವೇ ಒಪ್ಪಿಕೊಂಡು ಹಾಕಬೇಕು.

ಹೀಗೆಲ್ಲ ಯೋಚಿಸಿ, ಹೋದ ವರ್ಷ ಶಿಷ್ಯನ ಸಹಾಯದಿಂದ ಹೊಸದಾಗಿ ಕೀಲಿ, ಕೀಲಿಕೈ ಮಾಡಿಕೊಂಡೆ. ನಕಲನ್ನು ಎರಡು ಕಡೆ ಇಟ್ಟು, ಪೆನ್‌ಡ್ರೈವಿಗೆ ಚೀಟಿ ಅಂಟಿಸಿದ್ದೇನೆ. ನನ್ನ ತೆರೆದ ಕೀಲಿಯನ್ನು ಹತ್ತು ಜನ ಗೆಳೆಯರಿಗೆ ಕಳಿಸಿ, ಇನ್ನು ಮುಂದೆ ಹಬ್ಬದ ಶುಭಾಶಯವನ್ನೂ ಇದನ್ನು ಹಾಕಿಯೇ ಬರೆಯಿರೆಂದು ವಿನಂತಿಸಿದೆ. ಒಂಬತ್ತು ಜನ ಉತ್ತರಿಸಲಿಲ್ಲ. ಸೇಡಂನ ಹಳೆಯ ಸಹೋದ್ಯೋಗಿಯೊಬ್ಬರು ಮಾತ್ರ ರಾತ್ರಿ ಫೋನು ಮಾಡಿ, ಧ್ವನಿ ತಗ್ಗಿಸಿ ಕೇಳಿದರು: "ಏನ್ರಿ ಮಾಸ್ತರ್ರ, ಆರಾಮ ಅದೀರಲ್ಲ? ಮನ್ಯಾಗೇನ್ ತೊಂದರಿ ಇಲ್ಲಲ್ಲ?"